ನೋಯುವ ಹಲ್ಲಿನ ಆಚೆ ಬದಿ

ಬೊಳ್ಳಮ್ಮ ನನ್ನ ಕೋಣೆಗೆ ಮೊದಲು ಬಂದ ದಿನ ಜೋರು ಮಳೆ ಇತ್ತು ಎಂದು ನಾನು ಹೇಳುತ್ತ ಬಂದಿದ್ದೇನೆ. ಇರಲಿಲ್ಲ ಎನ್ನುತ್ತಾರೆ ಆಗ ಆಸ್ಪತ್ರೆಯಲ್ಲಿ ನನ್ನ ಜೊತೆ ನರ್ಸಾಗಿದ್ದ ಫಿಲೋಮಿನಾ ಸಿಸ್ಟರ್. ಮಳೆ ಒಂದು ದಿನ ಬಿಟ್ಟಿದ್ದಕ್ಕೇ ಆಕೆ ಕಕ್ಕಬೆಯಲ್ಲಿ ಬಸ್ಸು ಹತ್ತಿದ್ದು ಎಂಬುದು ಅವರ ವಾದ. ಗಂಡ ತಿಮ್ಮಯ್ಯ ಜೊತೆಗಿದ್ದರು ಎಂದು ನನ್ನ ನೆನಪು. ಅವರು ಬಂದದ್ದು ಎರಡನೆಯ ಸಲ ಎಂದು ಸಿಸ್ಟರ್ ನೆನಪು. ನಾನೇ ನಾಲಿಗೆ ಹೊರಗೆ ಹಾಕಿ ಎಂದೆನೋ, ಆಕೆಯೇ ತೋರಿಸಿದರೋ ಎಂಬ ಬಗ್ಗೆಯೂ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ. ಒಂದು ಘಟನೆಯನ್ನು ಹಲವು ಬಾರಿ ಹೇಳಿದರೆ ಅದು ನಡೆದಂತೆ ಉಳಿಯುವುದಿಲ್ಲ, ಹೇಳಿದಂತೆ ಉಳಿಯುತ್ತದೆ. ಈಚೆಗೆ ನನ್ನನ್ನು ಕಾಡುತ್ತಿರುವುದು ಇದೇ.

ನಾನು ಕೊಡಗಿನ ಸರ್ಕಾರಿ ಆಸ್ಪತ್ರೆಗಳಲ್ಲಿ ದಂತವೈದ್ಯನಾಗಿದ್ದವನು. ನಮ್ಮ ತಂದೆಯ ಕಾಲದಲ್ಲಿ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದರು. ಮೈಸೂರಿನಲ್ಲಿ ಓದಿದೆ. ಕಾಲೇಜು ನನಗೆ ಕೊಟ್ಟ ಒಂದು ಅಭ್ಯಾಸವೆಂದರೆ ಪುರಾವೆ ಕೇಳುವುದು. ಅದನ್ನು ಬೇರೆಯವರ ಮಾತಿಗೆ ಅನ್ವಯಿಸುವಾಗ ಖುಷಿಯಾಗುತ್ತಿತ್ತು. ನಿವೃತ್ತಿಯಾದ ಮೇಲೆ ನನ್ನ ಮಾತಿಗೇ ಅನ್ವಯಿಸಬೇಕಾಗಿ ಬಂದಿದೆ. ಹಲ್ಲಿನ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಇದನ್ನು ಓದುವಾಗ ಅಷ್ಟು ಅನುಮಾನ ಇಟ್ಟುಕೊಂಡೇ ಓದಲಿ.

ನಾನು ಸೇರಿದಾಗ ದಂತ ವಿಭಾಗವೆಂದರೆ ಒಂದು ಕುರ್ಚಿ, ಕಾಲಲ್ಲಿ ಒತ್ತಿದರೆ ತಿರುಗುವ ಒಂದು ಡ್ರಿಲ್ಲು, ಸಿರಿಂಜು ಕುದಿಸುವ ಪಾತ್ರೆ. ಜನರಿಗೆ ನಾನು 'ಹಲ್ಲು ಕೀಳುವ ಡಾಕ್ಟ್ರು'. ಹುಳುಕು ಸಣ್ಣದಿದ್ದಾಗ ಯಾರೂ ಬರುತ್ತಿರಲಿಲ್ಲ. ತಣ್ಣೀರು ಜುಮ್ಮೆಂದಾಗ ಲವಂಗ, ರಾತ್ರಿ ನಿದ್ದೆ ಕೆಟ್ಟಾಗ ಹೊಗೆಸೊಪ್ಪು, ಕೆನ್ನೆ ಊದಿದ ಮೇಲೆ ನಾನು. ಜುಮ್ಮೆನ್ನುವ ಹಂತದಲ್ಲಿ ಬಂದಿದ್ದರೆ ಒಂದು ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿತ್ತು.

ವಸಡಿನ ಕಥೆ ಇನ್ನೊಂದು. ಸುಂಟಿಕೊಪ್ಪದ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ವಸಡಿನಲ್ಲಿ ರಕ್ತ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಕಲ್ಲಿನಂತೆ ಪಾಚಿ ಕಟ್ಟಿತ್ತು. ಅದನ್ನು ಕೆರೆದು ಸ್ವಚ್ಛ ಮಾಡಿ ಕಳಿಸಿದೆ. ಮರುವಾರ ಬಂದು ಬಾಗಿಲಲ್ಲೇ ನಿಂತರು.

"ಏನ್ ಡಾಕ್ಟ್ರೇ, ಹಲ್ಲಿನ ಸಂದಿಯಲ್ಲಿ ಗಾಳಿ ಆಡ್ತದೆ. ಇದ್ದ ಸಿಮೆಂಟ್ ಎಲ್ಲ ಕಿತ್ತು ಹಾಕಿದ್ರಲ್ಲ."

"ಅದು ಸಿಮೆಂಟ್ ಅಲ್ಲ, ಗೋಡೆ ತಿನ್ನೋ ಗೆದ್ದಲು ಅಂತ ತಿಳ್ಕೊಳ್ಳಿ," ಎಂದೆ.

"ಗೆದ್ದಲು ಇದ್ದಾಗ ಗೋಡೆ ಗಟ್ಟಿ ಇತ್ತು," ಎಂದರು ಅವರು.

 ಹಾಗೆಂದರೂ ಅವರು ಬರುವುದನ್ನು ಬಿಡಲಿಲ್ಲ. ವಸಡು ಗಟ್ಟಿಯಾಯಿತು, ಹಲ್ಲುಗಳು ಉಳಿದವು. ಹಲ್ಲು ಶುಚಿ ಮಾಡಿಸಿದರೆ ಅಲುಗುತ್ತದೆ ಎಂದು ಇಂದಿಗೂ ಜನ ಹೇಳುತ್ತಾರೆ. ವಾದ ಮಾಡಬೇಡಿ. ಮತ್ತೆ ಬರುವಂತೆ ಮಾಡಿ, ಸಾಕು.

ಕೆಲಸದಲ್ಲಿ ನಾನು ಹೆಮ್ಮೆಪಡುವ ಪದ್ಧತಿಯೊಂದಿದೆ. ಅದು ನನ್ನದಲ್ಲ, ನನ್ನ ಮೊದಲ ಮೇಲಧಿಕಾರಿಯದು. ಕರಾವಳಿಯ ಕಡೆಯವರು, ಮಿತಭಾಷಿ. ನಾನು ಸೇರಿದ ಹೊಸತರಲ್ಲಿ ಬಸ್ಸಿನ ಡ್ರೈವರ್ ಒಬ್ಬರು ಮೇಲಿನ ದವಡೆ ಒತ್ತಿಹಿಡಿದು ಬಂದರು. ಅವರು ತೋರಿಸಿದ ಹಲ್ಲಿನಲ್ಲಿ ಸಣ್ಣ ಹುಳುಕೂ ಇತ್ತು. ನಾನು ಚುಚ್ಚುಮದ್ದು ಸಿದ್ಧಮಾಡಿದೆ. ಹಿಂದಿನಿಂದ ಬಂದ ಸಾಹೇಬರು ನನ್ನ ಕೈ ಹಿಡಿದು, ಕನ್ನಡಿಯ ಹಿಡಿಯಿಂದ ಕೆಳಗಿನ ಒಂದು ಹಲ್ಲನ್ನು ಮೆಲ್ಲಗೆ ಬಡಿದರು. ಡ್ರೈವರ್ ಕುರ್ಚಿಯಿಂದ ಅರ್ಧ ಎದ್ದರು. ನೋವು ಇದ್ದದ್ದು ಕೆಳಗೆ, ಅದು ಕಾಣಿಸಿಕೊಂಡದ್ದು ಮೇಲೆ.

"ನೋಯುವ ಹಲ್ಲು ಎಲ್ಲಿಗೂ ಓಡಿ ಹೋಗುವುದಿಲ್ಲ. ಅದನ್ನು ಕೊನೆಗೆ ನೋಡಿ," ಎಂದರು ಸಾಹೇಬರು.

ಅಂದಿನಿಂದ ನಾನು ನೋವಿಲ್ಲದ ಆಚೆ ಬದಿಯಿಂದ ಶುರುಮಾಡುತ್ತಿದ್ದೆ. ಕೆನ್ನೆ, ನಾಲಿಗೆಯ ಎರಡೂ ಅಂಚು, ನಾಲಿಗೆಯ ಅಡಿ, ವಸಡು, ಕೊನೆಗೆ ತೋರಿಸಿದ ಹಲ್ಲು. ಹೊರಗೆ ಬೆಂಚಿನಲ್ಲಿ ಜನ ಗೊಣಗುತ್ತಿದ್ದರು.

ಇನ್ನು ಬೊಳ್ಳಮ್ಮನ ವಿಷಯ. ಕಕ್ಕಬೆಯ ಮೇಲಿನ ಊರಿನವರು. ಐವತ್ತರ ಆಸುಪಾಸು, ಗಟ್ಟಿ ದನಿ. ಕಾಚಂಪುಳಿ ಮಾಡುವುದರಲ್ಲಿ ಆಕೆಗೆ ಹೆಸರಿತ್ತು. ಕೊಡಗಿನ ಹೊರಗಿನವರಿಗೆ ಹೇಳುವುದಾದರೆ, ಮಳೆಗಾಲದಲ್ಲಿ ಉದುರುವ ಪಣಪುಳಿ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ತೊಟ್ಟಿಕ್ಕುವ ರಸ ಹಿಡಿದು, ಅದನ್ನು ಕಪ್ಪಗೆ ಮಂದವಾಗುವ ತನಕ ಕಾಯಿಸಿದ ಹುಳಿ ಅದು. ಹಂದಿ ಸಾರಿಗೆ ಒಂದು ಚಮಚ ಸಾಕು. ನಾಲಿಗೆಗೆ ಹಾಗೆಯೇ ಇಟ್ಟರೆ ಕಿವಿಯ ಬುಡ ಸೆಳೆಯುತ್ತದೆ.

"ಬಲಗಡೆ ಕೆಳಗಿನದ್ದು. ಕಿತ್ತುಬಿಡಿ, ಬಸ್ಸು ಉಂಟು," ಎಂದರು ಕೂರುತ್ತಲೇ.

"ಬಾಯಿ ಪೂರ್ತಿ ನೋಡಿಬಿಡ್ತೀನಿ ಅಕ್ಕ."

"ನೋವಿರುವುದು ಒಂದು ಹಲ್ಲು. ಪೂರ್ತಿ ಎಂತಕೆ?"

ಸಿಸ್ಟರ್ ನಕ್ಕರು. "ಇವರು ಹಾಗೇ ಅಕ್ಕ. ಹಲ್ಲಿಗೆ ಬಂದವರ ಹೊಟ್ಟೆ ತನಕ ಇಣುಕಿ ನೋಡ್ತಾರೆ."

ಬಲಗಡೆ ಆ ಹಲ್ಲಿನ ಸುತ್ತ ವಸಡು ಬಿಳುಚಿ, ಹಾಲಿನ ಕೆನೆಯಂತೆ ಪೊರೆ ಏಳುತ್ತಿತ್ತು. ಹಲ್ಲಿನ ಮೇಲ್ಪದರವೂ ಒರಟಾಗಿ ಸವೆದಿತ್ತು. ಇಲ್ಲಿ ಏನು ಇಟ್ಟಿದ್ದಿರಿ ಎಂದು ಕೇಳಿದೆ.

"ಕಾಚಂಪುಳಿ. ಹತ್ತಿಗೆ ಅದ್ದಿ ಇಡುವುದು, ನೋವು ಸತ್ತುಹೋಗ್ತದೆ. ನಾನೇ ಕಾಯಿಸಿದ್ದು, ಪೇಟೆಯ ಬೆಲ್ಲದ ನೀರಲ್ಲ."

ನೋವು ಸಾಯುತ್ತಿರಲಿಲ್ಲ, ವಸಡು ಸಾಯುತ್ತಿತ್ತು. ನೋವಿನ ಮಾತ್ರೆಯನ್ನು ವಸಡಿಗೆ ಒತ್ತಿಟ್ಟುಕೊಂಡು ಸುಟ್ಟುಕೊಂಡವರನ್ನು ಕಂಡಿದ್ದೆ. ಕಾಚಂಪುಳಿಯಲ್ಲಿ ಸುಟ್ಟುಕೊಂಡವರನ್ನು ಕಂಡದ್ದು ಅದೇ ಮೊದಲು. ಅಷ್ಟೇ ಆಗಿದ್ದರೆ ಇದು ಗೆಳೆಯರ ನಡುವೆ ಹೇಳಿ ನಗುವ ಕಥೆಯಾಗಿ ಉಳಿಯುತ್ತಿತ್ತು.

ನಾಲಿಗೆಯ ಎಡ ಅಂಚಿನಲ್ಲಿ ಒಂದು ಹುಣ್ಣಿತ್ತು. ಕರಿಮೆಣಸಿಗಿಂತ ದೊಡ್ಡದು, ಕಾಫಿ ಬೀಜಕ್ಕಿಂತ ಚಿಕ್ಕದು. ಅದಕ್ಕೆ ತಾಗಿಕೊಂಡು ಮುರಿದ ದವಡೆ ಹಲ್ಲೊಂದು, ಒಡೆದ ಬಳೆಯ ಚೂರಿನಂಥ ಅಂಚು. ಬೆರಳಿಟ್ಟು ಒತ್ತಿದೆ. ಹುಣ್ಣಿನ ಬುಡ ಗಟ್ಟಿ ಇತ್ತು.

"ಇದು ಯಾವಾಗಿಂದ?"

"ಅದಾ? ಕಾಚಂಪುಳಿ ಹರಿದು ಅಲ್ಲಿಯೂ ಸುಟ್ಟಿದೆ. ಅದು ಬಿಡಿ, ನೋವಿಲ್ಲ."

ನೋವಿಲ್ಲ ಎಂಬುದೇ ನನಗೆ ಹಿಡಿಸಲಿಲ್ಲ; ಸುಟ್ಟ ಹುಣ್ಣಾದರೆ ಉರಿಯಬೇಕು. ಆಕೆಗೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವೂ ಇತ್ತು. ಚೂಪು ಹಲ್ಲನ್ನು ಉಜ್ಜಿ ನುಣುಪು ಮಾಡಿದೆ. ನೋಯುವ ಹಲ್ಲಿನ ಹುಳುಕು ತೆಗೆದು, ನೋವು ತಗ್ಗಿಸುವ ಮದ್ದು ತುಂಬಿ ತಾತ್ಕಾಲಿಕವಾಗಿ ಮುಚ್ಚಿದೆ. ಕಾಚಂಪುಳಿ, ಹೊಗೆಸೊಪ್ಪು ಎರಡನ್ನೂ ಬಿಟ್ಟು ಎರಡು ವಾರ ಕಳೆದು ಬರಲು ಹೇಳಿದೆ.

"ಕೀಳಿಸಲಿಕ್ಕೆ ಬಂದವಳನ್ನು ಆಚೆ ಹಲ್ಲು ಉಜ್ಜಿ ಕಳಿಸ್ತೀರಲ್ಲ," ಎಂದು ಬಯ್ದುಕೊಂಡೇ ಹೋದರು.

ಎರಡು ವಾರವೇ ಏಕೆ ಎಂಬುದನ್ನು ಹೊಸಬರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬಾಯಿ ಬೇಗ ಮಾಯುವ ಜಾಗ. ಕಚ್ಚಿಕೊಂಡದ್ದಾಗಲಿ, ಸುಟ್ಟದ್ದಾಗಲಿ, ಚೂಪು ಹಲ್ಲು ತರಚಿದ್ದಾಗಲಿ, ಕಾರಣ ತೆಗೆದ ಮೇಲೆ ಎರಡು ವಾರದಲ್ಲಿ ಮಾಯುತ್ತ ಬರಬೇಕು. ಬಾರದಿದ್ದರೆ ಅದಕ್ಕೆ ಇನ್ನೊಂದು ಕಾರಣವಿದೆ.

ಆಕೆ ಮತ್ತೆ ಬಂದಾಗ ಬಲಗಡೆಯ ವಸಡು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಎಡಗಡೆಯ ಹುಣ್ಣು ಹಾಗೆಯೇ ಕುಳಿತಿತ್ತು. ಆಗ ನಮ್ಮ ಆಸ್ಪತ್ರೆಯ ಮುಖ್ಯಸ್ಥರು ಶಸ್ತ್ರವೈದ್ಯರು, ಎಚ್ಚರಿಕೆಯ ಮನುಷ್ಯ. ಹೋಗಿ ಹೇಳಿದೆ.

"ಸುಟ್ಟಗಾಯ ನಾಲಿಗೆ ಮೇಲೆ ನಿಧಾನ ಇರುತ್ತಪ್ಪ. ಹೆಂಗಸನ್ನ ಸುಮ್ಮನೆ ಹೆದರಿಸಬೇಡಿ. ಇನ್ನೊಂದು ತಿಂಗಳು ನೋಡಿ," ಎಂದರು.

"ಸುಟ್ಟದ್ದು ಬಲಗಡೆ ಸಾರ್, ಅದು ಮಾಯಿತು. ಇದು ಎಡಗಡೆ. ಹತ್ತಿ ಇಟ್ಟ ಬದಿ ವಾಸಿಯಾಗಿ, ಇಡದ ಬದಿ ಯಾಕೆ ಉಳೀತು? ಚೂಪು ಹಲ್ಲನ್ನೂ ನುಣುಪು ಮಾಡಿಯಾಗಿದೆ."

ಅವರು ಪೆನ್ನು ಕೈಗೆತ್ತಿಕೊಂಡರು. ಮೈಸೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಒಬ್ಬ ಮೇಲಧಿಕಾರಿ ಕಿರಿಯನ ಮಾತಿಗೆ ಮನಸ್ಸು ಬದಲಿಸಿದ್ದನ್ನು ನಾನು ಹೆಚ್ಚು ಸಲ ಕಂಡಿಲ್ಲ.

ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯಲು ಹುಣ್ಣಿನ ಚಿಕ್ಕ ತುಂಡು ತೆಗೆದು ಪರೀಕ್ಷೆ ಮಾಡಬೇಕು ಎಂದು ಹೇಳಿದಾಗ ಬೊಳ್ಳಮ್ಮ ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಮೈಸೂರಿಗೆ ಹೋಗಲಿಲ್ಲ, ನಮ್ಮಲ್ಲಿಗೂ ಬರಲಿಲ್ಲ. ಕಾದು ನೋಡಿದೆವು. ಒಂದು ಭಾನುವಾರ ಸಿಸ್ಟರ್, "ನಾನು ಪ್ರಾರ್ಥನೆ ಮುಗಿಸಿ ಬರ್ತೇನೆ, ಕಕ್ಕಬೆಗೆ ಹೋಗುವ," ಎಂದರು. ಹೊರಟೆವು.

ಅಂಗಳದ ಮೂಲೆಯ ಚಪ್ಪರದಡಿ ಒಲೆ ಉರಿಯುತ್ತಿತ್ತು. ಬಿದಿರ ಬುಟ್ಟಿಗಳಲ್ಲಿ ಹಣ್ಣು, ಅಡಿಯಲ್ಲಿ ರಸ ಬೀಳುವ ಪಾತ್ರೆಗಳು. ತಿಮ್ಮಯ್ಯ ಸೈನ್ಯದಿಂದ ನಿವೃತ್ತರು, ಮೆಟ್ಟಿಲಿಳಿದು ಎದುರು ಬಂದರು.

"ಹಲ್ಲಿನ ಡಾಕ್ಟ್ರು ಮನೆಗೆ ಬಂದದ್ದು ಇದೇ ಮೊದಲು. ಇಕ್ಕಳ ಚೀಲದಲ್ಲಿ ಉಂಟಾ?"

ಬೊಳ್ಳಮ್ಮ ಒಲೆ ಬಿಟ್ಟು ಏಳಲಿಲ್ಲ. "ಈಗ ಹಣ್ಣು ಬೀಳುವ ಹೊತ್ತು ಡಾಕ್ಟ್ರೇ. ಹೋದರೆ ಎಲ್ಲ ಕೊಳೆತುಹೋಗ್ತದೆ."

"ನಾನು ಕಾಯಿಸ್ತೇನೆ ಅಂದರೆ ಕೇಳುವುದಿಲ್ಲ ಇವಳು," ಎಂದರು ತಿಮ್ಮಯ್ಯ.

"ಇವರು ಕಾಯಿಸಿದ್ದನ್ನು ರಸ್ತೆಗೆ ಹಾಕಬಹುದು, ಟಾರು ಉಳೀತದೆ."

ಎಲ್ಲರೂ ನಕ್ಕೆವು. ಆಮೇಲೆ ಆಕೆ ಸೌಟಿನ ತುದಿಗೆ ಬೆರಳು ತಾಗಿಸಿ ನಾಲಿಗೆಗೆ ಇಟ್ಟುಕೊಂಡು, ಸೌದೆ ಒಂದನ್ನು ಹೊರಗೆಳೆದರು.

"ಎಲ್ಲರೂ ಬಣ್ಣ ನೋಡಿ ಇಳಿಸ್ತಾರೆ. ಬಣ್ಣ ಮೋಸ ಮಾಡ್ತದೆ. ನಾನು ನಾಲಿಗೆ ಕೇಳಿ ಇಳಿಸುವುದು. ಇದನ್ನ ಕೊಯ್ದ ಮೇಲೆ ಈ ಒಲೆ ಮುಂದೆ ಕೂತು ನಾನು ಎಂತ ಮಾಡುವುದು, ಹೇಳಿ."

ಆಗ ಅರ್ಥವಾಯಿತು. ಹಣ್ಣು ಕೊಳೆಯುವುದು ನೆಪ. ಆಕೆಗೆ ಸಾವಿನ ಹೆದರಿಕೆಗಿಂತ ನಾಲಿಗೆಯ ಹೆದರಿಕೆ ದೊಡ್ಡದಾಗಿತ್ತು. ಹೆದರಿಸುವ ಮಾತುಗಳನ್ನು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವು ಯಾವುವೂ ಇಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ.

"ಅದು ಕ್ಯಾನ್ಸರೇ ಅಂತ ನಿಮಗೆ ಗೊತ್ತಾ?" ಎಂದು ಕೇಳಿದರು.

"ಗೊತ್ತಿಲ್ಲ."

"ಗೊತ್ತಿಲ್ಲದೆ ಇಷ್ಟು ದೂರ ಬಂದ್ರಾ?"

"ಗೊತ್ತಿಲ್ಲ ಅಂತಲೇ ಬಂದೆ. ಗೊತ್ತಾಗಬೇಕಾದರೆ ಆ ತುಂಡು ಬೇಕು. ಆಗಿದ್ದರೂ ಈಗ ಚಿಕ್ಕದು ಅಕ್ಕ. ಅಂಚಲ್ಲಿ ಇದೆ. ಅಂಚಿನಲ್ಲೇ ತೆಗೀತಾರೆ. ತುದಿ ಉಳಿಯುತ್ತೆ, ಆಚೆ ಬದಿ ಉಳಿಯುತ್ತೆ. ರುಚಿ ಅಲ್ಲೆಲ್ಲ ಇದೆ. ಮುಂದಿನ ಮಳೆಗಾಲದ ತನಕ ಬಿಟ್ಟರೆ ಎಷ್ಟು ಉಳಿಯುತ್ತೆ ಅಂತ ನಾನು ಹೇಳಲಾರೆ."

"ಏನೂ ಇಲ್ಲ ಅಂತಾದರೆ?"

"ನಿಮ್ಮ ಕಾಚಂಪುಳಿ ಹಾಳಾದ್ದಕ್ಕೆ ಆಸ್ಪತ್ರೆಗೆ ಬಂದು ಎಲ್ಲರೆದುರು ನನ್ನನ್ನ ಬಯ್ಯಿ."

"ಬಯ್ಯುವುದಕ್ಕೆ ನಾಲಿಗೆ ಬೇಕಲ್ಲ," ಎಂದರು ಆಕೆ. ಗಂಡ ಹೆಂಡತಿ ಕೊಡವ ಭಾಷೆಯಲ್ಲಿ ಏನೋ ಮಾತಾಡಿಕೊಂಡರು. ಕೊನೆಗೆ, "ಈ ಪಾತ್ರೆ ಇಳಿಸಿದ ಮೇಲೆ ಹೋಗ್ತೇನೆ," ಎಂದರು.

ಸಿಸ್ಟರ್ ಒಲೆಯ ಪಕ್ಕ ಮಣೆ ಎಳೆದುಕೊಂಡರು. "ಹಾಗಾದ್ರೆ ಇಳಿಯುವ ತನಕ ನಾವು ಇಲ್ಲೇ. ಊಟಕ್ಕೆ ಎಂತ ಉಂಟು ಅಕ್ಕ?"

ಮೈಸೂರಿನ ವರದಿ ಬಂತು. ಕ್ಯಾನ್ಸರ್ ಹೌದು, ಮೊದಲ ಹಂತ. ಕುತ್ತಿಗೆಯ ಗಂಟುಗಳಿಗೆ ಹರಡಿರಲಿಲ್ಲ. ನಾಲಿಗೆಯ ಅಂಚನ್ನು ಸ್ವಲ್ಪ ಅಗಲವಾಗಿಯೇ ತೆಗೆದರು. ಕೀಮೋ ಎನ್ನುವ ಸೂಜಿ ಔಷಧವಾಗಲಿ, ರೇಡಿಯೇಶನ್ ಎನ್ನುವ ಶಾಖವಾಗಲಿ ಬೇಕಾಗಲಿಲ್ಲ. ಅದನ್ನು ಮಾಡಿದವರು ಮೈಸೂರಿನ ಶಸ್ತ್ರವೈದ್ಯರು, ಹೆಗ್ಗಳಿಕೆ ಅವರದು. ಆದರೆ ಕಳಿಸಿದವರು ನಾವು. ಆ ಮಾತನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಬಾಯಿಯ ಕ್ಯಾನ್ಸರನ್ನು ಮೊದಲು ಕಾಣುವ ಅವಕಾಶ ಬಹಳ ಸಲ ಸಿಗುವುದು ಹಲ್ಲಿನ ಡಾಕ್ಟರಿಗೇ.

ನನ್ನ ಕೈಯಾರೆ ಮಾಡಿ ಹೆಮ್ಮೆಪಡುವ ಕೆಲಸ ಆಮೇಲೆ ಬಂತು. ಗಾಯ ಮಾಯ್ದ ಮೇಲೆ ಬೊಳ್ಳಮ್ಮನಿಗೆ ಎಡಗಡೆ ಅಗಿಯುವುದು ಕಷ್ಟವಾಯಿತು. ಹಾಗಾಗಿ ಬಲಗಡೆಯ ಆ ಕೆಟ್ಟ ಹಲ್ಲು, ಮೊದಲ ದಿನ ಕೀಳಿ ಎಂದು ಆಕೆ ತೋರಿಸಿದ ಹಲ್ಲು, ಬಾಯಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದಾಯಿತು. ಆಗ ನಮ್ಮ ಕಡೆ ರೂಟ್ ಕೆನಾಲ್ ಎಂದರೆ ದೊಡ್ಡ ಊರಿನ ಮಾತು. ನಾನು ರಜೆ ಹಾಕಿ ಮೈಸೂರಿಗೆ ಹೋಗಿ ಹಳೆಯ ಅಧ್ಯಾಪಕರ ಕೈಕೆಳಗೆ ಅಭ್ಯಾಸ ಮಾಡಿ ಬಂದಿದ್ದೆ. ಕೂದಲೆಳೆಯಂಥ ಉಕ್ಕಿನ ಸಾಧನಗಳನ್ನು ಬೆರಳಲ್ಲೇ ತಿರುಗಿಸುತ್ತ, ಬೇರಿನೊಳಗಿನ ಸತ್ತ ನರ ತೆಗೆದು, ತೊಳೆದು, ಒಣಗಿಸಿ, ತುಂಬಿ, ಮೇಲೆ ಲೋಹದ ಟೋಪಿ ಹಾಕಬೇಕು. ಇಂದು ಯಂತ್ರದಲ್ಲಿ ಒಂದೇ ಸಲಕ್ಕೆ ಮುಗಿಸುತ್ತೀರಿ. ನನಗೆ ಹಲವು ಸಲ ಕೂರಿಸಬೇಕಾಯಿತು.

"ಅಂದು ಕೀಳಿ ಅಂದಾಗ ಕೀಳಲಿಲ್ಲ. ಈಗ ಬಿಡಿ ಅಂದರೂ ಬಿಡುವುದಿಲ್ಲ," ಎಂದರು ಬೊಳ್ಳಮ್ಮ. ಶಸ್ತ್ರಕ್ರಿಯೆಯಾದ ಮೇಲೆ ಅವರ 'ರ'ಕಾರ ಸ್ವಲ್ಪ ಜಾರುತ್ತಿತ್ತು. ದನಿ ಮಾತ್ರ ಮೊದಲಿನಷ್ಟೇ ಗಟ್ಟಿ.

ಈ ಕಥೆಯನ್ನು ನಾನು ಬಹಳ ಕಡೆ ಹೇಳಿದ್ದೇನೆ. ಹೋದ ವರ್ಷ ಒಂದು ಕಡೆ ದಂತವೈದ್ಯ ವಿದ್ಯಾರ್ಥಿಗಳ ಮುಂದೆ ಹೇಳಿದೆ. ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ಹುಣ್ಣು ಕೂಡ ಬಲಗಡೆಯೇ ಇದ್ದಿದ್ದರೆ ನೀವು ಕಳಿಸ್ತಿದ್ರಾ?"

ಕಳಿಸಬೇಕಿತ್ತು. ಎರಡು ವಾರದ ನಿಯಮ ಎಡ ಬಲ ನೋಡುವುದಿಲ್ಲ. ಆದರೆ ಮುಖ್ಯಸ್ಥರ ಮುಂದೆ ನಾನು ಗಟ್ಟಿಯಾಗಿ ನಿಂತದ್ದು ಬದಿಗಳು ಬೇರೆಯಾಗಿದ್ದವು ಎಂಬ ಧೈರ್ಯದಿಂದ. "ಕಳಿಸಬೇಕು ಅಂತ ಗೊತ್ತಿತ್ತು. ಕಳಿಸ್ತಿದ್ದೆನೋ ಇಲ್ಲವೋ ಗೊತ್ತಿಲ್ಲ," ಎಂದೆ. ಅವಳು ಅದನ್ನು ಒಪ್ಪಿ ಕುಳಿತಳು. ನನ್ನ ತಲೆಗೆ ಮಾತ್ರ ಅಲ್ಲಿಂದ ಇನ್ನೊಂದು ಹುಳ ಹೊಕ್ಕಿತು. ಬದಿಗಳು ಬೇರೆ ಬೇರೆ ಇದ್ದದ್ದು ನಿಜವೇ? ಪಾಠಕ್ಕೆ ಅನುಕೂಲವಾಗಲಿ ಎಂದು ನನ್ನ ತಲೆಯೇ ಹುಣ್ಣನ್ನು ಆಚೆ ಬದಿಗೆ ಸರಿಸಿತೇ?

ಸುಂಟಿಕೊಪ್ಪದಲ್ಲಿರುವ ಸಿಸ್ಟರಿಗೆ ಫೋನು ಮಾಡಿದೆ.

"ಬಲ ಅಲ್ವಾ ಡಾಕ್ಟ್ರೇ? ಹಲ್ಲು, ಹುಣ್ಣು ಎಲ್ಲ ಒಂದೇ ಕಡೆ. ನನಗೆ ಹಾಗೇ ನೆನಪು."

"ನಿಮಗೆ ಹಲ್ಲು ಬಲಗಡೆ ಇದ್ದದ್ದಕ್ಕೆ ಹಾಗೆ ಅನಿಸುತ್ತೆ."

"ನಿಮಗೆ ಭಾಷಣ ಮಾಡಿ ಮಾಡಿ ಹಾಗೆ ಅನಿಸ್ತದೆ," ಎಂದರು.

ಅದಕ್ಕೆ ಈ ಮಳೆಗಾಲದಲ್ಲಿ ಕಕ್ಕಬೆಗೆ ಹೋದೆ. ಒಲೆಗೆ ಈಗ ತಗಡಿನ ಸೂರು ಬಂದಿದೆ. ಸೌಟು ತಿರುಗಿಸುತ್ತಿದ್ದವರು ತಿಮ್ಮಯ್ಯ. ಬೊಳ್ಳಮ್ಮ ಪಕ್ಕದ ಕುರ್ಚಿಯಿಂದ ಅಪ್ಪಣೆ ಕೊಡುತ್ತಿದ್ದರು. ನನ್ನನ್ನು ಕಂಡು ಎದ್ದರು, ಕೂರಿಸಿದರು, ಮನೆಮಂದಿಯನ್ನೆಲ್ಲ ವಿಚಾರಿಸಿದರು. ನಾನು ಬಂದ ಕೆಲಸ ಹೇಳಿದೆ.

"ಪೆನ್ಶನ್ ಬಂದ ಮೇಲೂ ಬಾಯಿ ನೋಡುವ ಚಟ ಹೋಗಲಿಲ್ವಾ?" ಎಂದರು.

"ಒಂದೇ ಸಲ ಅಕ್ಕ."

"ತಡೀರಿ." ತಿಮ್ಮಯ್ಯನವರ ಕೈಯಲ್ಲಿದ್ದ ಸೌಟಿಗೆ ಬೆರಳು ತಾಗಿಸಿ ರುಚಿ ನೋಡಿದರು. "ಇನ್ನೂ ಆಗಲಿಲ್ಲ, ತಿರುಗಿಸಿ," ಎಂದರು ಗಂಡನಿಗೆ. ಆಮೇಲೆ ಬೆಳಕಿನ ಕಡೆ ತಿರುಗಿ ನಾಲಿಗೆ ಹೊರಗೆ ಹಾಕಿದರು.

ಅಂಚಿನಲ್ಲಿ ಒಂದು ಕಚ್ಚು, ನುಣುಪಾಗಿ, ಬಿಳಿಚಿಕೊಂಡು, ಮೆತ್ತಗೆ. ಎದುರಿಗೆ ನಿಂತು ನೋಡುವವನಿಗೆ ಎಡ ಬಲ ತಿರುವುಮುರುವು. ಇದು ನನ್ನ ಕೆಲಸದಲ್ಲಿ ಮೊದಲು ಕಲಿಯುವ ಪಾಠ, ಆದರೂ ಆ ಹೊತ್ತು ನನ್ನ ಕಣ್ಣನ್ನು ನಾನು ನಂಬಲಿಲ್ಲ. ಆ ಕಚ್ಚು ಇರುವ ಕಡೆಯ ಕೆನ್ನೆಯನ್ನು ಅದೇ ಬದಿಯ ಕೈಯಿಂದ ಮುಟ್ಟಿ ಎಂದೆ. ಮುಟ್ಟಿದರು.

"ಇದು ಯಾವ ಕೈ?"

ಬೊಳ್ಳಮ್ಮ ನನ್ನನ್ನು ನೋಡಿದರು, ಆಮೇಲೆ ಗಂಡನನ್ನು ನೋಡಿದರು.

"ಎಡಗೈ," ಎಂದರು. "ಎಂತ ಡಾಕ್ಟ್ರೇ, ಆರೋಗ್ಯ ಸರಿ ಉಂಟಲ್ಲ?"

ಸರಿ ಇದೆ ಎಂದೆ. ಹುಣ್ಣು ಎಡಗಡೆಯೇ ಇತ್ತು. ನಾನು ಹೋಗಿ ನೋಡಿ ಬಂದಿದ್ದೇನೆ.